808 ನ್ಯಾನೋಮೀಟರ್ ಅತಿಗೆಂಪು ಲೇಸರಿಗೆ ಹಸಿರು ಬೆಳಕು ಬಂದು ಎರಡೇ ನಿಮಿಷದಲ್ಲಿ ಮಾಯ, ಎಂತ ಮಾಡೋದು?

ಕದ್ರಿಯವ:
ನಮಸ್ಕಾರ ಎಲ್ಲರಿಗೂ. ಮಂಗಳೂರಲ್ಲಿ ಕಾಲೇಜು ಲ್ಯಾಬ್ ಸಂಜೆ ಹೊತ್ತು ಸಿಗುತ್ತದೆ, ಹಾಗಾಗಿ ಅತಿಗೆಂಪು ಬೆಳಕನ್ನು ಹಸಿರು ಮಾಡುವ ಹುಚ್ಚು ಹಿಡಿದಿದೆ. ನನ್ನ ಹತ್ತಿರ ಇರೋದು ಇಟರ್ಬಿಯಂ, ಎರ್ಬಿಯಂ ಎಂಬ ಎರಡು ಅಪರೂಪದ ಲೋಹ ಸೇರಿಸಿದ ಸೋಡಿಯಂ ಇಟ್ರಿಯಂ ಫ್ಲೋರೈಡ್ ನ್ಯಾನೋ ಹರಳು, ಕ್ಲೋರೋಫಾರಂನಲ್ಲಿ. 980 ನ್ಯಾನೋಮೀಟರ್ ತರಂಗದ ಲೇಸರ್ ಬಿಟ್ಟರೆ ಚಂದ ಹಸಿರು. ಅದಕ್ಕೆ ಐಆರ್-806 ಎಂಬ ಅತಿಗೆಂಪು ಹೀರುವ ಡೈ (ಬಣ್ಣ) ಸೇರಿಸಿ 808 ಲೇಸರ್ ಬಿಟ್ಟೆ, ಹಸಿರು ಬಂತು! ಗೆಳೆಯನನ್ನು ಕರೆದುಕೊಂಡು ಬರುವಷ್ಟರಲ್ಲಿ ಎಂತದೂ ಇಲ್ಲ. ಮೂರು ಸಲ ಹೀಗೇ ಆಯ್ತು. ಡೈ ಜಾಸ್ತಿ ಹಾಕಿ ನೋಡಿದೆ, ಇನ್ನೂ ಮಂಕು. ಮಳೆಗಾಲದ ತೇವಕ್ಕೆ ಹೀಗಾಗ್ತದಾ?

ಮಲ್ಪೆ ಕಡಲು:
ಎರಡು ವಿಷಯ ಹೇಳಿ ಮಾರಾಯ್ರೇ. ಸತ್ತ ಸ್ಯಾಂಪಲ್ಲಿಗೆ 980 ಬಿಟ್ಟರೆ ಈಗಲೂ ಹಸಿರು ಬರುತ್ತದಾ? ದ್ರಾವಣದ ಬಣ್ಣ ಏನಾಗಿದೆ? ಮತ್ತೆ, 808 ಕಣ್ಣಿಗೆ ಮಸುಕು ಕೆಂಪಾಗಿ ಕಾಣ್ತದೆ ಅಂತ ಅದು ಮಸುಕು ಅಲ್ಲ, ನಮ್ಮ ಕಣ್ಣು ಅದನ್ನು ಸರಿಯಾಗಿ ಹಿಡಿಯುವುದಿಲ್ಲ ಅಷ್ಟೆ. ಆ ತರಂಗಕ್ಕೇ ಮಾಡಿದ ಕನ್ನಡಕ ಇಲ್ಲದೆ ಸ್ವಿಚ್ ಮುಟ್ಟಬೇಡಿ.

ಕದ್ರಿಯವ:
ಕನ್ನಡಕ ಉಂಟು. 980ಕ್ಕೆ ಮೊದಲಿನ ಹಾಗೇ ಹಸಿರು ಬರುತ್ತದೆ. ದ್ರಾವಣ ಮೊದಲು ಹಸಿರಾಗಿತ್ತು, ಈಗ ಬೊಂಡದ ನೀರಿನ ಹಾಗೆ ತಿಳಿ.

ಮಲ್ಪೆ ಕಡಲು:
ಹಾಗಾದ್ರೆ ಮಳೆಯನ್ನು ಬೈಯಬೇಡಿ. ತೇವ ಇದ್ದರೆ ನೀರಿನ ಓಎಚ್ (ಆಮ್ಲಜನಕ-ಜಲಜನಕ) ಗುಂಪು ಹರಳಿನ ಶಕ್ತಿಯನ್ನು ಕದಿಯುತ್ತದೆ, ನಿಜ. ಆದರೆ ಆಗ 980ಕ್ಕೂ ಬೆಳಕು ಕಡಿಮೆ ಆಗಬೇಕಿತ್ತು. 980 ನೇರ ಇಟರ್ಬಿಯಂಗೇ ಹೋಗುತ್ತದೆ, ಡೈ ಬೇಕಿಲ್ಲ. 808 ಇಟರ್ಬಿಯಂಗೆ ಹಿಡಿಸುವುದೇ ಇಲ್ಲ, ಡೈ ಹಿಡಿದು ಪಕ್ಕದ ಇಟರ್ಬಿಯಂಗೆ ದಾಟಿಸಬೇಕು, ಅದು ಎರ್ಬಿಯಂಗೆ ಎರಡು ಸಲ ಕೊಟ್ಟಾಗ 540ರ ಆಸುಪಾಸು ಹಸಿರು ಬರುತ್ತದೆ. ನಿಮ್ಮ ಹರಳಿಗೆ ಏನೂ ಆಗಿಲ್ಲ, ಸತ್ತದ್ದು ಡೈ. ಬೆಳಕು, ಆಮ್ಲಜನಕ ಎರಡೂ ಸೇರಿದರೆ ಇಂಥ ಡೈ ಒಡೆಯುತ್ತದೆ, ಅದಕ್ಕೇ ಬಣ್ಣ ಹೋಗಿದೆ.

ರಬ್ಬರ್ ಮುಚ್ಚಳದ ಬಾಟಲಿಗೆ ಸೂಜಿಯಲ್ಲಿ ನಿಧಾನಕ್ಕೆ ನೈಟ್ರೋಜನ್ ಬಿಡಿ, ಗಾಳಿ ಹೊರಗೆ ಹೋಗಲು ಇನ್ನೊಂದು ಸೂಜಿ ಇರಲಿ. ಆವಿ ಹೊರಗೆ ಎಳೆಯುವ ಫ್ಯೂಮ್ ಹುಡ್ ಒಳಗೇ ಮಾಡಿ. ಕ್ಲೋರೋಫಾರಂ ಹಾರಿ ಕಮ್ಮಿಯಾದರೆ ಸ್ವಲ್ಪ ಸೇರಿಸಿ. ಲೇಸರನ್ನು ಬಿಟ್ಟೇ ಇಡಬೇಡಿ, ಒಂದೊಂದು ಸೆಕೆಂಡು ತೆರೆದು ನೋಡಿ. ಪವರ್ ಅರ್ಧ ಇಳಿಸಿದ್ರೆ ಆಯ್ತಲ್ಲ ಅಂದುಕೊಂಡೀರಿ, ಎರಡು ಫೋಟಾನಿನ (ಬೆಳಕಿನ ಕಣದ) ಆಟ ಇದು, ಅರ್ಧ ಮಾಡಿದ್ರೆ ಹಸಿರು ಹೆಚ್ಚು ಕಡಿಮೆ ಕಾಲು ಭಾಗಕ್ಕೆ ಇಳಿಯುತ್ತದೆ.

ಡೈ ಜಾಸ್ತಿ ಆದರೆ ಡೈಗಳು ತಮ್ಮೊಳಗೇ ಶಕ್ತಿ ಹಂಚಿಕೊಂಡು ಬಿಸಿ ಮಾಡಿ ಕಳೆಯುತ್ತವೆ. ಹರಳಿಗೆ ಅಂಟಿಕೊಂಡ ಡೈ ಮಾತ್ರ ಕೆಲಸಕ್ಕೆ ಬರುತ್ತದೆ, ದೂರ ತೇಲುವುದು ಬೆಳಕು ನುಂಗುತ್ತದೆ ಅಷ್ಟೆ. ಐದು ಬಾಟಲಿಯಲ್ಲಿ ಸ್ವಲ್ಪ ಸ್ವಲ್ಪ ಹೆಚ್ಚಿಸಿ ನೋಡಿ. 2012ರಲ್ಲಿ ನೆದರ್ಲೆಂಡ್ಸಿನ ಗ್ರೋನಿಂಗನ್ ಕಡೆಯವರು ಇದೇ ಡೈ ಹಾಕಿ, ಡೈ ಇಲ್ಲದ ಹರಳಿಗಿಂತ ಸುಮಾರು 3300 ಪಟ್ಟು ಹೆಚ್ಚು ಬೆಳಕು ತೆಗೆದಿದ್ದರು. ಆ ಅಂಕಿ ನೋಡಿ ನೀವು ಡೈ ಸುರಿದಿರಬೇಕು ಅಂತ ನನ್ನ ಗುಮಾನಿ.

ಉಡುಪಿ ಹುಡುಗಿ:
ಡೈ ಇಲ್ಲದ ಹರಳಿಗೂ 808 ಬಿಟ್ಟು ನೋಡಿ. ಎರ್ಬಿಯಂ ತಾನೇ 800ರ ಹತ್ತಿರ ಸ್ವಲ್ಪ ಹಿಡಿಯುತ್ತದೆ. ಅದರಿಂದ ಬಂದ ಹಸಿರನ್ನು ಡೈ ಲೆಕ್ಕಕ್ಕೆ ಬರೆದು ನಾನು ಒಂದು ವಾರ ಹಾಳು ಮಾಡಿದ್ದೇನೆ.

ಕದ್ರಿಯವ:
ಡೈ ಇಲ್ಲದ್ದು 808ಕ್ಕೆ ಕತ್ತಲಲ್ಲೂ ಹೆಸರಿಗೆ ಮಾತ್ರ ಹಸಿರು, ಹಾಗಾಗಿ ಡೈ ಕೆಲಸ ಮಾಡ್ತಿರೋದು ಖಾತ್ರಿ. ನೈಟ್ರೋಜನ್ ಬಿಟ್ಟೆ, ಡೈ ಮೊದಲಿನ ಕಾಲು ಭಾಗ ಹಾಕಿದೆ, ಸೆಕೆಂಡು ಸೆಕೆಂಡು ತೆರೆದೆ. ಅರ್ಧ ಗಂಟೆ ಆದ್ರೂ ಹಸಿರು ಉಳಿದಿದೆ, ಥ್ಯಾಂಕ್ಸ್. ಗೆಳೆಯನೂ ಬಂದು ನೋಡಿದ. "ಇಷ್ಟೇಯಾ?" ಅಂದ.