ನಾಯಿಯನ್ನು ಮನೆಯಲ್ಲೇ ಕಳಿಸಿಕೊಟ್ಟವರು ಇದ್ದೀರಾ? ಅನುಭವ ಹೇಳಿ

ಕೇಳಿದವರು, ಬೆಂಗಳೂರು:
ನಮ್ಮ ಬ್ರೂನೋ ಲ್ಯಾಬ್ರಡಾರ್, ಹದಿಮೂರು ವರ್ಷ. ಹಿಂಗಾಲು ಎರಡೂ ಬಿದ್ದುಹೋಗಿವೆ. ಮೂರು ವಾರದಿಂದ ಮಲಗಿದಲ್ಲೇ ಎಲ್ಲ. ಕಾರು ಹತ್ತಿಸಿದರೆ ಆಸ್ಪತ್ರೆ ಅಂತ ನಡುಗುತ್ತಾನೆ. ಮನೆಗೇ ಬಂದು, ನೋವಿಲ್ಲದೆ ಪ್ರಾಣ ಹೋಗುವ ಇಂಜೆಕ್ಷನ್ ಕೊಡುತ್ತೇನೆ ಅಂತ ಡಾಕ್ಟರ್ ಹೇಳಿದ್ದಾರೆ. ಅಮ್ಮ ಮಾತ್ರ ‘ನಮ್ಮ ಕೈಯಾರೆ ಬೇಡ, ಪಾಪ ಸುತ್ತಿಕೊಳ್ಳುತ್ತೆ’ ಅನ್ನುತ್ತಾರೆ. ಸಮಯ ಬಂತು ಅಂತ ಹೇಗೆ ಗೊತ್ತಾಗುತ್ತೆ? ಆವತ್ತು ಏನೇನಾಗುತ್ತೆ? ನಮ್ಮದು ಬಾಡಿಗೆ ಮನೆ, ಹಿತ್ತಲಿಲ್ಲ.

ಹಾಸನದಿಂದ:
ನಾನು ಎರಡು ಸಲ ಮಾಡಿಸಿದ್ದೇನೆ. ಒಂದು ಸಲ ಕೆಟ್ಟದಾಗಿ, ಇನ್ನೊಂದು ಸಲ ಸರಿಯಾಗಿ.

ಮೊದಲನೆಯವಳು ರಾಣಿ. ಬಂದ ಡಾಕ್ಟರಿಗೆ ಅವಸರ. ಮಂಪರು ಬರಿಸದೆ ನೇರವಾಗಿ ನರ ಹುಡುಕಲು ಕೂತರು. ಮುದಿ ನಾಯಿ, ಮೈಯಲ್ಲಿ ನೀರಿಲ್ಲ, ನರ ಎಲ್ಲಿ ಸಿಗಬೇಕು? ಮೂರು ಕಡೆ ಚುಚ್ಚಿದರು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಸಾಕು, ಇದರ ಮೇಲೆ ಬರೆಯಲಾರೆ. ಅದಕ್ಕೇ ದಿನ ಗೊತ್ತು ಮಾಡುವ ಮೊದಲೇ ಕೇಳಿ: ‘ಮೊದಲು ಮಂಪರಿನ ಇಂಜೆಕ್ಷನ್ ಕೊಡ್ತೀರಾ?’ ಕೇಳೋಕೆ ಸಂಕೋಚ ಬೇಡ.

ಕರಿಯನ ಸಲ ಕೇಳಿದ್ದೆ. ನಡುಮನೆಯಲ್ಲಿ ಅಮ್ಮನ ಹಳೇ ಸೀರೆ ಮಡಿಸಿ ಹಾಸಿದೆವು, ಕೆಳಗೆ ಪ್ಲಾಸ್ಟಿಕ್ ಹಾಳೆ. ತೊಡೆಗೆ ಮೊದಲ ಇಂಜೆಕ್ಷನ್. ಹತ್ತು ಹದಿನೈದು ನಿಮಿಷದಲ್ಲಿ ತಲೆ ಭಾರವಾಗಿ ನನ್ನ ಕಾಲ ಮೇಲೆ ಇಳಿಯಿತು. ಅದೇ ಹೊತ್ತಿಗೆ ಬೀದಿಯಲ್ಲಿ ಸೊಪ್ಪಿನವರು ಕೂಗಿಕೊಂಡು ಹೋದರು. ಹನ್ನೊಂದು ವರ್ಷ ಆ ಕೂಗಿಗೆ ಗೇಟಿನ ತನಕ ಓಡಿದವನು. ಆವತ್ತು ಒಂದು ಕಿವಿ ಮಾತ್ರ ಸ್ವಲ್ಪ ಎದ್ದು ಮತ್ತೆ ಮಲಗಿತು.

ಆಮೇಲೆ ಮುಂಗಾಲಿನ ಕೂದಲು ಬೋಳಿಸಿ ಡ್ರಿಪ್ ಸೂಜಿ ಹಾಕಿದರು. ಎರಡನೆಯ ಔಷಧಿ ಅದರಲ್ಲಿ ಹೋಗುತ್ತೆ. ಅರಿವಳಿಕೆ ಔಷಧಿಯೇ, ಥಯೋಪೆಂಟಲ್ ಅಥವಾ ಪೆಂಟೋಬಾರ್ಬಿಟಲ್ ಜಾತಿಯದ್ದು, ಪ್ರಮಾಣ ಬಹಳ ಜಾಸ್ತಿ. ಒಂದೆರಡು ನಿಮಿಷದಲ್ಲಿ ಉಸಿರು ನಿಂತಿತು, ಹಿಂದೆಯೇ ಎದೆಬಡಿತ. ಡಾಕ್ಟರ್ ಸ್ಟೆತಸ್ಕೋಪ್ ಇಟ್ಟು ಕೇಳಿದ ಮೇಲೆಯೇ ಹೇಳಿದರು.

ಮೊದಲೇ ಗೊತ್ತಿರಲಿ: ಕಣ್ಣು ಮುಚ್ಚುವುದಿಲ್ಲ. ಉಸಿರು ನಿಂತ ಮೇಲೂ ಒಂದೆರಡು ಸಲ ಬಾಯಿ ತೆರೆದು ಎಳೆದ ಹಾಗೆ ಆಗಬಹುದು, ಕಾಲು ಅದುರಬಹುದು, ಮೂತ್ರ ಹೋಗಬಹುದು. ಅಷ್ಟು ಹೊತ್ತಿಗೆ ಅದಕ್ಕೆ ಪ್ರಜ್ಞೆ ಇರುವುದಿಲ್ಲ. ನನ್ನ ತಂಗಿಗೆ ಯಾರೂ ಹೇಳಿರಲಿಲ್ಲ, ‘ಇನ್ನೂ ಜೀವ ಇದೆ’ ಅಂತ ಕಿರುಚಿಬಿಟ್ಟಳು.

ಕೊನೆಯ ಊಟಕ್ಕೂ ಡಾಕ್ಟರನ್ನು ಒಂದು ಮಾತು ಕೇಳಿ. ಝೈಲಜೀನ್ ಅನ್ನೋ ಮಂಪರಿನ ಔಷಧಿಗೆ ಕೆಲವು ನಾಯಿಗಳು ವಾಂತಿ ಮಾಡುತ್ತವೆ. ಹಣ ಮೊದಲೇ ಕೊಟ್ಟುಬಿಡಿ. ಆಮೇಲೆ ನೋಟು ಎಣಿಸೋದು ಕಷ್ಟ.

ಮೈಸೂರಿನಿಂದ:
ನಮ್ಮದು ಬೆಕ್ಕು, ಕಿಡ್ನಿ ಹೋಗಿತ್ತು. ‘ಸಮಯ ಬಂದಾಗ ಅದೇ ಹೇಳುತ್ತೆ’ ಅಂತ ಎಲ್ಲರೂ ಅಂದರು. ನಮ್ಮ ಚಿನ್ನಿ ಏನೂ ಹೇಳಲಿಲ್ಲ. ಬೆಕ್ಕು ನೋವು ಮುಚ್ಚಿಡುತ್ತೆ.

ನಾವು ಕ್ಯಾಲೆಂಡರಿನಲ್ಲಿ ಗುರುತು ಹಾಕಿದೆವು. ತಿಂದು, ಕಿಟಕಿ ಹತ್ತಿರ ಕೂತರೆ ಗೀಟು. ಮೂಲೆ ಸೇರಿದರೆ ಸೊನ್ನೆ. ಎರಡು ವಾರ ಸೊನ್ನೆಯೇ ಜಾಸ್ತಿ ಆದಾಗ ಫೋನ್ ಮಾಡಿದೆವು. ಆಲಿಸ್ ವಿಲ್ಲಲೋಬೋಸ್ ಅಂತ ಅಮೆರಿಕದ ಪಶುವೈದ್ಯೆ 2004ರಲ್ಲಿ ಒಂದು ಅಳತೆ ಕೊಟ್ಟಿದ್ದಾರೆ. ನೋವು, ಹಸಿವು, ನೀರು, ಸ್ವಚ್ಛತೆ, ಖುಷಿ, ಓಡಾಟ, ಕೆಟ್ಟ ದಿನಕ್ಕಿಂತ ಒಳ್ಳೆಯ ದಿನ ಜಾಸ್ತಿಯೇ ಅನ್ನೋದು. ಒಂದೊಂದಕ್ಕೆ ಹತ್ತು ಅಂಕ. ಒಟ್ಟು 35 ದಾಟಿದರೆ ಇನ್ನೂ ನೋಡಿಕೊಳ್ಳಬಹುದು ಅಂತ ಲೆಕ್ಕ. ಮನೆಯವರು ಬೇರೆ ಬೇರೆ ಕೂತು ಅಂಕ ಹಾಕಿ. ನಾನು 38 ಹಾಕಿದ್ದೆ, ನನ್ನ ಗಂಡ 19. ಅವರದ್ದೇ ಸರಿ ಇತ್ತು.

ಶಿವಮೊಗ್ಗದಿಂದ:
ನಿಮ್ಮ ಅಮ್ಮನ ಮಾತಿಗೆ. ನಮ್ಮಮ್ಮನೂ ಹಾಗೇ ಅಂದರು. ನಾವು ವಾದ ಮಾಡಲಿಲ್ಲ. ತಾನಾಗೇ ಹೋಗಲಿ ಅಂತ ಬಿಟ್ಟೆವು. ಆರು ದಿನ ಹಿಡಿಯಿತು. ಬೆನ್ನು ಹುಣ್ಣಾಗಿ ನೊಣ ಕೂತಿತು. ಐದನೇ ರಾತ್ರಿ ಅಮ್ಮನೇ ‘ಡಾಕ್ಟರಿಗೆ ಹೇಳಬಾರದಿತ್ತಾ’ ಅಂದರು. ಆಗ ಮಳೆ, ಯಾರೂ ಸಿಗಲಿಲ್ಲ. ನೆಂಟರು ಬುದ್ಧಿ ಹೇಳೋಕೆ ಬರುತ್ತಾರೆ, ರಾತ್ರಿ ಎರಡಕ್ಕೆ ಎದ್ದು ನಾಯಿಯ ಮಗ್ಗುಲು ಬದಲಿಸೋಕೆ ಬರುವುದಿಲ್ಲ. ರಾತ್ರಿ ಅಮ್ಮನನ್ನು ನಿಮ್ಮ ಜೊತೆ ಕೂರಿಸಿಕೊಳ್ಳಿ, ಅಷ್ಟೇ.

ಬೆಂಗಳೂರು, ರಾಜಾಜಿನಗರದಿಂದ:
ಸುಮನಹಳ್ಳಿಯಲ್ಲಿ ಪ್ರಾಣಿಗಳ ಚಿತಾಗಾರ ಇದೆ. ಹಿಂದಿನ ದಿನವೇ ಫೋನ್ ಮಾಡಿ ಸಮಯ ಕೇಳಿಕೊಳ್ಳಿ. ಬೆಳಗಿನ ಹೊತ್ತು ಇಟ್ಟುಕೊಂಡರೆ ಮುಂದಿನ ಕೆಲಸಕ್ಕೆ ಸಮಯ ಸಿಗುತ್ತೆ. ಪ್ರಾಣ ಹೋದ ಸ್ವಲ್ಪ ಹೊತ್ತಿಗೇ ಕಾಲು ಒಳಕ್ಕೆ ಮಡಚಿ, ಮಲಗಿದ ಹಾಗೆ ಸುತ್ತಿ. ಕೆಲವು ಗಂಟೆಯಲ್ಲಿ ಮೈ ಸೆಟೆದುಕೊಳ್ಳುತ್ತೆ, ಆಮೇಲೆ ಡಿಕ್ಕಿಯಲ್ಲಿ ಹಿಡಿಸೋದೇ ಇಲ್ಲ.

ಊರಿನ ತೋಟದಲ್ಲಿ ಹೂಳುವುದಾದರೆ ನಾಲ್ಕಡಿಯಾದರೂ ತೋಡಿಸಿ. ಆ ಔಷಧಿ ದೇಹದಲ್ಲಿ ಉಳಿಯುತ್ತೆ. ಬೇರೆ ನಾಯಿಯೋ ನರಿಯೋ ಕೆದಕಿ ತಿಂದರೆ ಅದರ ಜೀವವೂ ಹೋಗಬಹುದು. ಮನೆಯಲ್ಲಿ ಇನ್ನೊಂದು ನಾಯಿ ಇದ್ದರೆ ಕೊನೆಗೊಮ್ಮೆ ಮೂಸಲು ಬಿಡಿ. ನಮ್ಮದು ಮೂಸಿ ಸುಮ್ನೆ ಎದ್ದು ಹೋಯಿತು. ಹಿಂದೊಮ್ಮೆ, ಸತ್ತ ಜೊತೆಗಾರನನ್ನು ನೋಡದ ನಾಯಿಯೊಂದು ವಾರಗಟ್ಟಲೆ ಗೇಟು ಕಾಯ್ದಿತ್ತು.

ಡಲ್ಲಾಸ್‌ನಿಂದ:
ಮನೆಯಲ್ಲಿ ಮಕ್ಕಳಿದ್ದರೆ ‘ನಿದ್ದೆ ಮಾಡಿಸಿದರು’ ಅನ್ನಬೇಡಿ. ನನ್ನ ಮಗ ಆಮೇಲೆ ತಿಂಗಳು ಪೂರ್ತಿ ಮಲಗಲು ಹೆದರಿದ. ಸತ್ತುಹೋಯಿತು ಅಂತಲೇ ಹೇಳಿ.

ಕೇಳಿದವರು:
ಎಲ್ಲ ಓದಿದೆ. ಅಮ್ಮ ರಾತ್ರಿ ಕೂತರು. ಅಂಕ ಹಾಕಿದೆವು, ನಾನು 22, ಅಣ್ಣ 17. ಡಾಕ್ಟರಿಗೆ ಮಂಪರಿನ ಇಂಜೆಕ್ಷನ್ ಬಗ್ಗೆ ಕೇಳಿದೆ, ಕೊಟ್ಟೇ ಕೊಡುತ್ತೇನೆ ಅಂದರು. ಶನಿವಾರ ಹತ್ತೂವರೆಗೆ. ಅಮ್ಮ ಪೂರ್ತಿ ಒಪ್ಪಿಲ್ಲ. ಆದರೆ ಆವತ್ತು ಅವನ ಅನ್ನಕ್ಕೆ ತುಪ್ಪ ಹಾಕಬಹುದಾ ಅಂತ ಕೇಳುತ್ತಿದ್ದಾರೆ. ತೂಕ ಜಾಸ್ತಿ ಅಂತ ಅದನ್ನು ಬಿಡಿಸಿ ನಾಲ್ಕು ವರ್ಷ ಆಗಿತ್ತು.