ಹಳೇ ಪಿಕಪ್‌ನಲ್ಲಿ ಲಡಾಖ್: ಮೊದಲು ಯಾವ ಕೆಲಸ?

ಹಾಸನದವನು: ಅಪ್ಪ ಶುಂಠಿ ಮೂಟೆ ಸಾಗಿಸುತ್ತಿದ್ದ 1998ರ ಡೀಸೆಲ್ ಪಿಕಪ್ ಆರು ವರ್ಷದಿಂದ ಹುಣಸೆಮರದ ಕೆಳಗೆ ನಿಂತಿದೆ. ಹಿಂದೆ ಮಲಗೋಕೆ ಗೂಡು ಕಟ್ಟಿ ಲಡಾಖ್‌ಗೆ ಹೋಗುವ ಆಸೆ. ಮೊದಲು ಪೇಂಟ್ ಮಾಡಿಸಲಾ?

ಗ್ಯಾರೇಜ್ ಮಾವ: ಪೇಂಟ್ ಆಮೇಲೆ ಮಾರಾಯ. ಸುತ್ತಿಗೆಯಿಂದ ಚಾಸಿ (ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟು) ಉದ್ದಕ್ಕೂ ತಟ್ಟು. ಟಣ್ ಅಂದರೆ ಗಟ್ಟಿ, ಡಬ್ ಅಂದರೆ ತುಕ್ಕು ತಿಂದಿದೆ. ಪ್ಲೇಟ್ ಕಟ್ಟು, ಅಂದರೆ ಸ್ಪ್ರಿಂಗ್ ಪಟ್ಟಿಗಳ ಕಟ್ಟು, ಕೂರುವ ಜಾಗ ಜಾಸ್ತಿ ನೋಡು. ಡೀಸೆಲ್ ಟ್ಯಾಂಕ್ ಇಳಿಸಿ ತೊಳೆ. ನಾನು ತೊಳೆಯದೆ ಹೊರಟು, ಟ್ಯಾಂಕಿನ ಕಸ ಕಟ್ಟಿಕೊಂಡು ಶಿರಾಡಿ ಘಾಟಿಯಲ್ಲಿ ಮೂರು ಫಿಲ್ಟರ್ ಬದಲಿಸಿದ್ದೆ!

ಮೈಸೂರು ಅಕ್ಕ: ಗೂಡಿಗೆ ಮೊದಲು ಆರ್‌ಟಿಒ ಅನುಮತಿ ಬೇಕು, ಮೋಟಾರು ವಾಹನ ಕಾಯ್ದೆ 52ನೇ ಸೆಕ್ಷನ್. ಭಾರ ಕಡಿಮೆ ಇಡಿ. ಲಡಾಖ್‌ನ ಖರ್ದುಂಗ್ ಲಾ ಕಣಿವೆದಾರಿ 5,300 ಮೀಟರ್‌ಗೂ ಮೇಲೆ, ಗಾಳಿ ತೆಳು. ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೊ ಇಲ್ಲದಿದ್ದರೆ ಎಂಜಿನ್‌ಗೆ ಉಸಿರು ಕಟ್ಟುತ್ತದೆ, ಬರೀ ಕಪ್ಪು ಹೊಗೆ.

ಹಾಸನದವನು: ತಟ್ಟಿದೆ ಮಾವ. ಎರಡು ಕಡೆ ಡಬ್.