ಬಾಲ್ಡರ್ಸ್ ಗೇಟ್: ಇಮೋಯೆನ್‌ಗೆ ಮೊದಲು ಯಾವ ಕಳ್ಳವಿದ್ಯೆ ಕಲಿಸಬೇಕು?

ಪ್ರಶ್ನೆ (ಹೊಸ_ಪಯಣಿಗ):
1998ರ ಬಾಲ್ಡರ್ಸ್ ಗೇಟ್ ಕಂಪ್ಯೂಟರ್ ಆಟದ 2012ರ ಪರಿಷ್ಕೃತ ಆವೃತ್ತಿಯನ್ನು ಮೊದಲ ಬಾರಿಗೆ ಆಡುತ್ತಿದ್ದೇನೆ. ನನ್ನ ತಂಡದಲ್ಲಿ ಕಳ್ಳವಿದ್ಯೆ ಬಲ್ಲವಳು ಇಮೋಯೆನ್ ಒಬ್ಬಳೇ, ಈಗ ಅವಳದು ಮೂರನೇ ಲೆವೆಲ್. ಪ್ರತಿ ಲೆವೆಲ್‌ಗೆ ಸಿಗುವ 25 ಪಾಯಿಂಟ್‌ಗಳನ್ನು ಯಾವ ವಿದ್ಯೆಗೂ ಅನ್ಯಾಯವಾಗಬಾರದೆಂದು ಏಳಕ್ಕೂ ಸ್ವಲ್ಪ ಸ್ವಲ್ಪವೇ ಹಂಚುತ್ತಾ ಬಂದೆ. ಪರಿಣಾಮವಾಗಿ ಪೆಟ್ಟಿಗೆಗಳ ಬೀಗ ತೆರೆಯುತ್ತಿಲ್ಲ, ಫೈರ್‌ವೈನ್‌ನ ಪಾಳು ಸುರಂಗಗಳಲ್ಲಿ ಹೆಜ್ಜೆಹೆಜ್ಜೆಗೂ ಬೋನಿಗೆ ಬೀಳುತ್ತಿದ್ದೇವೆ. ಮುಂದೆ ಅವಳನ್ನು ಮಂತ್ರವಾದಿಯಾಗಿ ಬದಲಾಯಿಸುವ ಆಲೋಚನೆಯೂ ಇದೆ. ಇನ್ನು ಸಿಗುವ ಪಾಯಿಂಟ್‌ಗಳನ್ನು ಯಾವುದಕ್ಕೆ ಹಾಕುವುದು ಸೂಕ್ತ?

ಉತ್ತರ (ಕಂದೀಲು):
ಬೋನು ಪತ್ತೆಹಚ್ಚುವ ವಿದ್ಯೆಗೇ ಹಾಕಿ, ಅದೂ ಸಾಧ್ಯವಾದಷ್ಟು ಬೇಗ. ಕಾರಣ ಸರಳ: ಉಳಿದ ಕೆಲಸಗಳಿಗೆ ಬೇರೆ ದಾರಿಗಳಿವೆ, ಇದಕ್ಕಿಲ್ಲ. ಬೀಗವನ್ನು ಬಲಶಾಲಿ ಯೋಧನೊಬ್ಬ ಒಡೆದು ತೆಗೆಯಬಹುದು, ಇಲ್ಲವೇ ಮಂತ್ರವಾದಿಯ ಎರಡನೇ ಹಂತದ ‘ನಾಕ್’ ಮಂತ್ರದಿಂದ ತೆರೆಯಬಹುದು. ಪುರೋಹಿತರ ಮಂತ್ರವೊಂದು ಬೋನನ್ನು ತೋರಿಸುತ್ತದೆ, ನಿಜ. ಆದರೆ ತೋರಿಸುತ್ತದೆ ಅಷ್ಟೆ, ಅದನ್ನು ನಿಷ್ಕ್ರಿಯಗೊಳಿಸಲು ಮತ್ತೆ ಕಳ್ಳನೇ ಬೇಕು. ಬೋನುಗಳಿಂದಲೇ ತುಂಬಿರುವ ಡರ್ಲಾಗ್‌ನ ಗೋಪುರಕ್ಕೆ ಕಾಲಿಡುವ ಯೋಚನೆಯಿದ್ದರಂತೂ ಈ ವಿದ್ಯೆಯಲ್ಲಿ ಜಿಪುಣತನ ಸಲ್ಲದು.

ಇನ್ನೊಂದು ಸಂಗತಿ: ಪತ್ತೆಯ ಪ್ರಯತ್ನ ನಡೆಯುವುದು ಸುತ್ತಿಗೊಮ್ಮೆ, ಅಂದರೆ ಸುಮಾರು 6 ಸೆಕೆಂಡಿಗೊಮ್ಮೆ. ಇಮೋಯೆನ್‌ಳನ್ನು ಒಂದೇ ಓಟದಲ್ಲಿ ಮುಂದಕ್ಕೆ ಕಳುಹಿಸಿದರೆ ಎಷ್ಟು ಪಾಯಿಂಟ್ ಇದ್ದರೂ ಅವಳು ಬೋನಿನ ಮೇಲೆ ಕಾಲಿಟ್ಟ ಮೇಲೆಯೇ ನೋಡುತ್ತಾಳೆ. ಫೈರ್‌ವೈನ್‌ನಲ್ಲಿ ನಿಮಗಾದ ತೊಂದರೆಯ ಅರ್ಧ ಕಾರಣ ಇದೇ ಇರಬಹುದು.

ಉತ್ತರ (ಕತ್ತಲ_ಹಾದಿ):
ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ಅದು ಇಮೋಯೆನ್‌ಗೆ ಮಾತ್ರ ಹೊಂದುವ ಸಲಹೆ. ನಾನಾಗಿದ್ದರೆ ಕಳ್ಳನನ್ನು ಬೆನ್ನಿಗೆ ಇರಿಯಲೆಂದೇ ಬೆಳೆಸುತ್ತೇನೆ. ನಾಲ್ಕನೇ ಲೆವೆಲ್‌ವರೆಗೆ ಎರಡು ಪಟ್ಟು, ಐದರಿಂದ ಮೂರು ಪಟ್ಟು ಏಟು ಬೀಳುವ ಆ ಸುಖವನ್ನು ಬಿಟ್ಟುಕೊಡುವುದು ಸುಲಭವಲ್ಲ. ಅದಕ್ಕೆ ನೆರಳಲ್ಲಿ ಅಡಗುವುದು ಮತ್ತು ಸದ್ದಿಲ್ಲದೆ ನಡೆಯುವುದು ಎರಡನ್ನೂ ಜೊತೆಜೊತೆಯಾಗಿ ಏರಿಸಬೇಕು. ಒಂದನ್ನೇ ಏರಿಸಿ ಇನ್ನೊಂದನ್ನು ಬಿಟ್ಟರೆ ಹೆಚ್ಚು ಪ್ರಯೋಜನವಿಲ್ಲ. ಆದರೆ ಇಮೋಯೆನ್‌ಳ ದೇಹಬಲ ಬರೀ 9. ಅವಳ ಕೈಗೆ ಬಿಲ್ಲು ಕೊಟ್ಟು ಹಿಂದೆ ನಿಲ್ಲಿಸುವುದೇ ಲೇಸು. ಇರಿಯುವ ಕೆಲಸಕ್ಕೆ ಯೋಧನೂ ಕಳ್ಳನೂ ಆಗಿರುವ ಮೊಂಟರಾನ್ ಅಥವಾ ಕ್ಲೋಕ್‌ವುಡ್ ಕಾಡಿನಲ್ಲಿ ಸಿಗುವ ಕೋರಾನ್ ತಕ್ಕವರು.

ಉತ್ತರ (ಹಳೆಯ_ದಾಳ):
ಮಂತ್ರವಾದಿಯಾಗಿ ಬದಲಾಯಿಸುವುದು ಖಚಿತವಾದರೆ ಮೊದಲು ಲೆಕ್ಕ ಹಾಕಿ. ಆರನೇ ಲೆವೆಲ್‌ನಲ್ಲಿ ಬದಲಾಯಿಸಿದರೆ ನಿಮ್ಮ ಕೈಯಲ್ಲಿ ಉಳಿದಿರುವುದು ಮೂರು ಲೆವೆಲ್, ಅಂದರೆ ಕೇವಲ 75 ಪಾಯಿಂಟ್. ಆಮೇಲೆ ಒಂದು ಪಾಯಿಂಟ್ ಕೂಡ ಸೇರುವುದಿಲ್ಲ. ಅಷ್ಟರಲ್ಲಿ ಬೋನು ಮೊದಲು, ಮಿಕ್ಕಿದ್ದು ಬೀಗಕ್ಕೆ. ಜೇಬುಗಳ್ಳತನಕ್ಕೆ ಏನೂ ಬೇಡ. ತಪ್ಪಿದರೆ ಕದಿಸಿಕೊಂಡವನು ಜಗಳಕ್ಕೆ ನಿಲ್ಲುತ್ತಾನೆ. ಬೇಕೇ ಬೇಕೆಂದರೆ ಅದನ್ನೂ ಬೀಗ ತೆರೆಯುವ ವಿದ್ಯೆಯನ್ನೂ ತಾತ್ಕಾಲಿಕವಾಗಿ ಏರಿಸುವ ಔಷಧವಿದೆ.

ಬದಲಾಯಿಸಿದ ಮೇಲೆ, ಮಂತ್ರವಾದಿಯಾಗಿ ಏಳನೇ ಲೆವೆಲ್ ತಲುಪುವವರೆಗೆ, ಅಂದರೆ 60,000 ಅನುಭವಾಂಕ ಗಳಿಸುವವರೆಗೆ, ಅವಳ ಕಳ್ಳವಿದ್ಯೆಗಳೆಲ್ಲ ಸುಪ್ತವಾಗಿರುತ್ತವೆ. ಆ ಅವಧಿಗೆ ಇನ್ನೊಬ್ಬ ಕಳ್ಳನನ್ನು ಜೊತೆಗಿಟ್ಟುಕೊಳ್ಳದೆ ಗೋಪುರದ ಕಡೆ ಹೋಗಬೇಡಿ.

ಹೊಸ_ಪಯಣಿಗ:
ಎಲ್ಲರಿಗೂ ಧನ್ಯವಾದಗಳು. ಮುಂದಿನ 50 ಪಾಯಿಂಟ್‌ಗಳನ್ನು ಬೋನಿಗೂ ಕೊನೆಯ 25ನ್ನು ಬೀಗಕ್ಕೂ ಇಡುತ್ತೇನೆ. ಅವಳು ಮಂತ್ರ ಕಲಿಯುವಷ್ಟು ಕಾಲ ಕೋರಾನ್‌ನನ್ನು ಸೇರಿಸಿಕೊಳ್ಳುತ್ತೇನೆ. ಓಡಿಸುತ್ತಿದ್ದದ್ದು ಮಾತ್ರ ನಿಜ.